ನ್ಯಾಯಮೂರ್ತಿ ನಿವೃತ್ತರಾದ ಮೇಲೆ ಧಾರವಾಡದಲ್ಲಿ ಮೇಲ್ಮನವಿ ನಿಂತಿದೆ: ಪ್ರತಿಕ್ರಿಯೆ

ನ್ಯಾಯಮೂರ್ತಿ ನಿವೃತ್ತರಾಗಿ ಹುದ್ದೆ ಖಾಲಿಯಾದ್ದರಿಂದಲೇ ಪ್ರಕರಣ ನಿಂತಿದೆ, ಅದನ್ನು ತುಂಬಿಸಲು ಶಾಸಕರಿಗೆ ಮನವಿ ಕೊಡಲೇ ಎಂದು ಕೇಳಿದ್ದೀರಿ. ನಿಮ್ಮ ತಂದೆಯವರ ಜಮೀನಿನ ಎರಡನೇ ಮೇಲ್ಮನವಿ (ಮೊದಲ ಮೇಲ್ಮನವಿಯ ತೀರ್ಪಿನ ವಿರುದ್ಧ ಹೈಕೋರ್ಟ್‌ಗೆ ಹಾಕುವುದು) ಅಲುಗಾಡದೆ ಇರುವುದಕ್ಕೆ ಕಾರಣ ಬಹುಶಃ ಖಾಲಿ ಹುದ್ದೆಯಲ್ಲ, ಕಡತದಲ್ಲೇ ಉಳಿದಿರುವ ಯಾವುದೋ ಬಾಕಿ. ಹೈಕೋರ್ಟ್‌ನ ಧಾರವಾಡ ಪೀಠಕ್ಕೆಂದೇ ಪ್ರತ್ಯೇಕವಾಗಿ ನ್ಯಾಯಮೂರ್ತಿಗಳನ್ನು ನೇಮಿಸುವುದಿಲ್ಲ. ಇಡೀ ಕರ್ನಾಟಕ ಹೈಕೋರ್ಟ್‌ಗೆ ಮಂಜೂರಾದ ಹುದ್ದೆಗಳು 62. ಯಾರು ಎಲ್ಲಿ ಕೂರಬೇಕು, ಯಾವ ಬಗೆಯ ಪ್ರಕರಣ ಕೇಳಬೇಕು ಎಂದು ನಿಗದಿ ಮಾಡುವವರು ಮುಖ್ಯ ನ್ಯಾಯಮೂರ್ತಿಗಳು. ಒಬ್ಬರು ನಿವೃತ್ತರಾದರೆ ಕಡತ ಇನ್ನೊಬ್ಬರ ಮುಂದೆ ಹೋಗುತ್ತದೆ.

ಹುದ್ದೆ ತುಂಬಿಸಿ ಎಂದು ಗದಗದ ಶಾಸಕರಿಗೆ ಮನವಿ ಕೊಡುವ ಯೋಚನೆ ಬಿಡಿ. ಆ ದಾರಿಯೇ ಬೇರೆ. ಮುಖ್ಯ ನ್ಯಾಯಮೂರ್ತಿಗಳು ಇಬ್ಬರು ಹಿರಿಯ ನ್ಯಾಯಮೂರ್ತಿಗಳೊಂದಿಗೆ ಹೆಸರು ಸೂಚಿಸಬೇಕು; ಬಳಿಕ ರಾಜ್ಯ ಸರ್ಕಾರದ ಅಭಿಪ್ರಾಯ, ಗುಪ್ತಚರ ವರದಿ, ಸುಪ್ರೀಂ ಕೋರ್ಟ್ ಕೊಲಿಜಿಯಂ (ನೇಮಕಕ್ಕೆ ಶಿಫಾರಸು ಮಾಡುವ ಹಿರಿಯ ನ್ಯಾಯಮೂರ್ತಿಗಳ ಗುಂಪು), ಕೇಂದ್ರ ಸರ್ಕಾರ, ಕೊನೆಗೆ ಸಂವಿಧಾನದ 217ನೇ ವಿಧಿಯಡಿ ರಾಷ್ಟ್ರಪತಿಗಳ ಸಹಿ. ಹುದ್ದೆ ಖಾಲಿಯಾಗುವ 6 ತಿಂಗಳ ಮೊದಲೇ ಪ್ರಸ್ತಾವ ಹೊರಡಬೇಕೆಂಬ ಕ್ರಮವಿದೆ. 62 ವರ್ಷ ತುಂಬಿದರೆ ನಿವೃತ್ತಿ ಎಂಬುದು ಗುಟ್ಟೇನೂ ಅಲ್ಲ, ಆದರೂ ಕುರ್ಚಿಗಳು ಖಾಲಿ ಉಳಿಯುತ್ತವೆ.

ಮೊದಲು ಹೈಕೋರ್ಟ್ ವೆಬ್‌ಸೈಟಿನಲ್ಲಿ ಧಾರವಾಡ ಪೀಠ ಆರಿಸಿ, ಪ್ರಕರಣದ ಬಗೆ, ಸಂಖ್ಯೆ, ವರ್ಷ ಹಾಕಿ ಸ್ಥಿತಿ ನೋಡಿ. ಕಚೇರಿ ಆಕ್ಷೇಪಣೆ (ಕಡತದಲ್ಲಿ ನ್ಯಾಯಾಲಯದ ಕಚೇರಿ ಗುರುತಿಸಿದ ಕೊರತೆ) ಅಥವಾ ನೋಟಿಸ್ ಜಾರಿ ಬಾಕಿ ಇದೆಯೇ ಎಂದು ವಕೀಲರನ್ನು ಕೇಳಿ. ನನ್ನ ಪ್ರಕರಣ ಅಲ್ಲೇ ಸಿಕ್ಕಿಕೊಂಡಿತ್ತು: ಎದುರುದಾರರೊಬ್ಬರಿಗೆ ನೋಟಿಸ್ ತಲುಪಿರಲಿಲ್ಲ, ನಾನು ಸರ್ಕಾರವನ್ನು ಬೈಯುತ್ತ ಕುಳಿತಿದ್ದೆ. ಎಲ್ಲ ಸರಿಯಿದ್ದರೆ ಶೀಘ್ರ ವಿಚಾರಣೆಗೆ ಅರ್ಜಿ ಹಾಕಿಸಿ. ದಿನಾಂಕ ಬೇಗ ಸಿಕ್ಕೇ ಸಿಗುತ್ತದೆ ಎಂದು ಹೇಳಲಾರೆ, ಆದರೆ ತಂದೆಯವರಿಗೆ 78 ಎಂದಿದ್ದೀರಿ. ವಯಸ್ಸಿನ ದಾಖಲೆಯನ್ನು ಅದಕ್ಕೆ ತಪ್ಪದೆ ಲಗತ್ತಿಸಿ.