ಸಿಕ್ಸ್ ನೇಷನ್ಸ್ ರಗ್ಬಿಯಲ್ಲಿ ಮೊದಲು ಯಾವ ಪಂದ್ಯ ನೋಡಲಿ?

ರಗ್ಬಿ ಗೊತ್ತೇ ಇಲ್ಲ, ಸಿಕ್ಸ್ ನೇಷನ್ಸ್‌ನಲ್ಲಿ ಒಂದೇ ಒಂದು ಪಂದ್ಯ ನೋಡುವುದಾದರೆ ಯಾವುದು ಅಂತ ಕೇಳಿದ್ದೀರಿ. ಯೋಚನೆಯೇ ಬೇಡ, ಇಂಗ್ಲೆಂಡ್–ಸ್ಕಾಟ್ಲೆಂಡ್ ನೋಡಿ.

ಈ ಎರಡರ ಜೊತೆ ವೇಲ್ಸ್, ಐರ್ಲೆಂಡ್, ಫ್ರಾನ್ಸ್, ಇಟಲಿ ಆಡುವ ಟೂರ್ನಿ ಇದು. ಪ್ರತಿ ವರ್ಷ ಫೆಬ್ರವರಿ–ಮಾರ್ಚ್‌ನಲ್ಲಿ ನಡೆಯುತ್ತದೆ. ಫೈನಲ್ ಅಂತ ಇಲ್ಲ, ಎಲ್ಲರೂ ಎಲ್ಲರೊಂದಿಗೆ ಒಂದೊಂದು ಪಂದ್ಯ ಆಡುತ್ತಾರೆ. ಐದಕ್ಕೆ ಐದೂ ಗೆದ್ದರೆ ಗ್ರ್ಯಾಂಡ್ ಸ್ಲ್ಯಾಮ್.

ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯಕ್ಕೆ ಅದರದ್ದೇ ಒಂದು ಕಪ್ ಇದೆ. ಹೆಸರು ಕಲ್ಕತ್ತಾ ಕಪ್. ಹೌದು, ನಮ್ಮ ಕಲ್ಕತ್ತಾನೇ! 1870ರ ದಶಕದಲ್ಲಿ ಅಲ್ಲಿನ ಬ್ರಿಟಿಷರು ಒಂದು ರಗ್ಬಿ ಕ್ಲಬ್ ಮಾಡಿಕೊಂಡಿದ್ದರು. ಆ ಸೆಖೆಯಲ್ಲಿ ಈ ಆಟ ಹೆಚ್ಚು ದಿನ ನಡೆಯಲಿಲ್ಲ, ಜನ ಪೋಲೋ, ಟೆನಿಸ್ ಕಡೆ ವಾಲಿದರು. ಕೊನೆಗೆ ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿದ್ದ ದುಡ್ಡನ್ನು ಬೆಳ್ಳಿ ರೂಪಾಯಿಗಳಲ್ಲಿ ತೆಗೆದು, ಕರಗಿಸಿ, ಕಪ್ ಮಾಡಿಸಿದರು. ಕೆಲಸ ನಮ್ಮ ದೇಶದ ಕುಶಲಕರ್ಮಿಗಳದ್ದು. ಹಿಡಿಕೆಗಳು ಮೂರು ನಾಗರಹಾವು, ಮುಚ್ಚಳದ ಮೇಲೊಂದು ಆನೆ. ಎಷ್ಟು ಚೆಂದ ಇದೆ ಅಂದರೆ, ಫೋಟೋ ಹುಡುಕಿ ನೋಡಲೇಬೇಕು. 1879ರಲ್ಲಿ ಎಡಿನ್‌ಬರೋದಲ್ಲಿ ಇದಕ್ಕಾಗಿ ಮೊದಲ ಪಂದ್ಯ ನಡೆಯಿತು, ಅದು ಡ್ರಾ ಆಯಿತು.

ನೋಡುವ ಮೊದಲು ಇಷ್ಟು ಗೊತ್ತಿದ್ದರೆ ಸಾಕು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದಕ್ಕೋ ಪಕ್ಕಕ್ಕೋ ಕೊಡಬೇಕು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 5 ಪಾಯಿಂಟ್. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2. ಹಿಡಿದು ಕೆಡವುವುದು ಕಬಡ್ಡಿ ನೋಡಿದವರಿಗೆ ಹೊಸದೇನಲ್ಲ, ಅಲ್ವಾ?

ಹಳೆಯದರಲ್ಲಿ 2019ರ ಪಂದ್ಯದಿಂದ ಶುರು ಮಾಡಿ. ಲಂಡನ್ನಿನ ಟ್ವಿಕನ್‌ಹ್ಯಾಮ್ ಮೈದಾನ. ಅರ್ಧ ಗಂಟೆಯಲ್ಲೇ ಇಂಗ್ಲೆಂಡ್ 31–0 ಮುಂದೆ. ಸ್ಕಾಟ್ಲೆಂಡ್ ಕಥೆ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಳ್ಳುವ ಹೊತ್ತು. ಆಗ ಇಂಗ್ಲೆಂಡ್ ನಾಯಕ ಓವೆನ್ ಫಾರೆಲ್ ಒದ್ದ ಚೆಂಡಿಗೆ ಸ್ಕಾಟ್ಲೆಂಡ್ ನಾಯಕ ಸ್ಟುವರ್ಟ್ ಮೆಕಿನಾಲಿ ಅಡ್ಡ ಬಿದ್ದು, ಚೆಂಡು ಎತ್ತಿಕೊಂಡು ಓಡಿದ. ಅವನು ಮುಂದಿನ ಸಾಲಿನ ಭಾರೀ ಆಳು, ಓಟಗಾರನಲ್ಲ. ಆದರೂ ಗೆರೆ ಮುಟ್ಟಿಯೇ ಬಿಟ್ಟ. ಎರಡನೇ ಅರ್ಧದಲ್ಲಿ ಸ್ಕಾಟ್ಲೆಂಡ್‌ನದ್ದು ಟ್ರೈ ಮೇಲೆ ಟ್ರೈ. ಫಿನ್ ರಸೆಲ್ ಎದುರಾಳಿಗಳ ಪಾಸನ್ನೇ ನಡುವೆ ಕಿತ್ತುಕೊಂಡು ಓಡಿದಾಗ ಸ್ಕೋರ್ 31–31. ಆಮೇಲೆ ಸ್ಕಾಟ್ಲೆಂಡ್ 38–31 ಮುಂದೆ! ಎಂಬತ್ತು ನಿಮಿಷ ಮುಗಿದ ಮೇಲೆ, ಕಟ್ಟಕಡೆಯ ದಾಳಿಯಲ್ಲಿ ಜಾರ್ಜ್ ಫೋರ್ಡ್ ಟ್ರೈ ಹೊಡೆದು ಇಂಗ್ಲೆಂಡ್ ಮಾನ ಉಳಿಸಿದ. 38–38.

ಡ್ರಾ ಆದರೆ ಕಪ್ ಹಿಂದಿನ ವರ್ಷ ಗೆದ್ದವರ ಹತ್ತಿರವೇ ಉಳಿಯುತ್ತದೆ. 2018ರಲ್ಲಿ ಗೆದ್ದಿದ್ದು ಸ್ಕಾಟ್ಲೆಂಡ್. ಹೈಲೈಟ್ಸ್‌ಗಿಂತ ಪೂರ್ತಿ ಪಂದ್ಯ ಸಿಕ್ಕರೆ ಅದನ್ನೇ ನೋಡಿ, ಮೊದಲ ಅರ್ಧ ಗಂಟೆ ಹಾರಿಸಬೇಡಿ. ಆ 31 ಪಾಯಿಂಟ್ ಹೇಗೆ ಏರಿತು ಅಂತ ಕಂಡರೇನೇ ಆಮೇಲಿನ ಆಟದ ಮಜಾ.