ಆಲ್ಪ್ಸ್ ಆಮೇಲೆ, ಮೊದಲು ಮುಕ್ತಿನಾಥ

ಪ್ರಶ್ನೆ: ಅಕ್ಕಾ, ನನಗೆ 29 ವರ್ಷ. ಕೊಟ್ಟಿಗೆಹಾರದ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ, ಅರೇಬಿಕಾನೇ ಜಾಸ್ತಿ. ನಾಲ್ಕು ವರ್ಷದಿಂದ ಮೌಂಟನ್ ಬೈಕ್ ಓಡಿಸುತ್ತಿದ್ದೇನೆ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್. ಮುಂದಿನ ವರ್ಷ ಗೆಳೆಯನ ಜೊತೆ ಹತ್ತು-ಹನ್ನೆರಡು ದಿನ ಹೊರದೇಶದಲ್ಲಿ ಸೈಕಲ್ ಓಡಿಸುವ ಆಸೆ. ಅವನು ಫ್ರಾನ್ಸ್‌ನ ಆಲ್ಪ್ಸ್ ಅನ್ನುತ್ತಾನೆ. ಎಲ್ಲಿಗೆ, ಯಾವಾಗ ಹೋಗುವುದು? ನಮ್ಮ ಸೈಕಲ್ ಒಯ್ಯಬೇಕಾ? ವಿಷಯ ಕೇಳಿದಾಗಿನಿಂದ ಅಮ್ಮ ಹೆದರಿದ್ದಾರೆ.
– ಕೊಟ್ಟಿಗೆಹಾರದ ಓದುಗ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡಿದ್ದು 'ಅರೇಬಿಕಾ' ಅನ್ನುವ ಮಾತು. ನಾನೂ ಚಿಕ್ಕಮಗಳೂರಿನವಳು, ತೋಟದ ಮನೆಯಲ್ಲೇ ಬೆಳೆದವಳು. ನಮ್ಮಲ್ಲಿ ಪ್ರವಾಸದ ತಾರೀಖನ್ನು ಕಾಫಿ ಗಿಡವೇ ಹೇಳಬೇಕು, ಅಲ್ವಾ?

ಆಲ್ಪ್ಸ್‌ನಲ್ಲಿ ಮೊರ್ಜೀನ್, ಲೆ ಜೆ ಥರದ ಊರುಗಳಲ್ಲಿ ಬೇಸಿಗೆಯಲ್ಲಿ ಲಿಫ್ಟ್‌ಗಳು ಸೈಕಲ್ ಸಮೇತ ನಿಮ್ಮನ್ನು ಗುಡ್ಡದ ತುದಿಗೆ ಒಯ್ಯುತ್ತವೆ. ಅಲ್ಲಿನ ಒಳ್ಳೆಯ ಕಾಲ ಅಂದರೆ ಜುಲೈ, ಆಗಸ್ಟ್. ಆಗ ನಿಮ್ಮ ಊರಿನಲ್ಲಿ ಮಳೆ ಹೇಗೆ ಹೊಡೆಯುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಅಮ್ಮ ಒಬ್ಬರೇ ಏನು ಮಾಡುತ್ತಾರೆ? ಇನ್ನೊಂದು ವಿಷಯ. ಲಿಫ್ಟ್ ಇದ್ದಲ್ಲಿ ಹತ್ತುವ ಕೆಲಸವೇ ಇಲ್ಲ, ಬೆಳಗಿನಿಂದ ಸಂಜೆವರೆಗೆ ಬರೀ ಇಳಿಯುವುದು. ಅಭ್ಯಾಸ ಇಲ್ಲದ ಕೈಗಳು ಎರಡನೇ ದಿನಕ್ಕೇ ಸೋತುಹೋಗುತ್ತವೆ. ಆಲ್ಪ್ಸ್‌ಗೆ ಖಂಡಿತ ಹೋಗಿ, ಆದರೆ ಇದು ನಿಮ್ಮ ಎರಡನೇ ಪ್ರವಾಸವಾಗಲಿ.

ಮೊದಲ ಸಲಕ್ಕೆ ನಾನು ಹೇಳುವುದು ನೇಪಾಳದ ಕೆಳ ಮುಸ್ತಾಂಗ್, ಮುಕ್ತಿನಾಥ ದೇವಸ್ಥಾನ ಇರುವ ಗುಡ್ಡಗಾಡು. ಅಕ್ಟೋಬರ್‌ನಲ್ಲಿ ಹೋಗಿ. ನಮ್ಮಲ್ಲಿ ಮಳೆ ಬಿಟ್ಟ ಮೇಲಿನ ಗೊಬ್ಬರ ಮುಗಿದಿರುತ್ತದೆ, ಅರೇಬಿಕಾ ಕೊಯ್ಲು ಶುರುವಾಗಿರುವುದಿಲ್ಲ. ಅಲ್ಲೂ ಮಳೆಗಾಲ ಮುಗಿದು ಆಕಾಶ ತಿಳಿಯಾಗಿರುತ್ತದೆ. ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗದ ವೋಟರ್ ಐಡಿ ಸಾಕು. ನಿಮ್ಮ ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ, ಅದನ್ನೇ ನಂಬಿಕೊಂಡು ಹೊರಡಬೇಡಿ. ಈ ಜಾಗ ಸೇರಿರುವ ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರ್ಮಿಟ್ ತೆಗೆದುಕೊಳ್ಳಬೇಕು. ಸಾರ್ಕ್ ದೇಶದವರಿಗೆ ಅದು 1000 ನೇಪಾಳಿ ರೂಪಾಯಿ, ನಮ್ಮ ಲೆಕ್ಕದಲ್ಲಿ 625.

ಪೋಖರಾದಿಂದ ಜೋಮ್‌ಸೋಮ್‌ಗೆ ಪುಟ್ಟ ವಿಮಾನ ಇದೆ, ಜೀಪೂ ಹೋಗುತ್ತದೆ. ಜೋಮ್‌ಸೋಮ್ ಸುಮಾರು 2,700 ಮೀಟರ್ ಎತ್ತರ, ಮುಕ್ತಿನಾಥ ಸುಮಾರು 3,700. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಮುಕ್ತಿನಾಥದಲ್ಲಿ ಮಲಗುವುದು ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟು ಅದರ ತುದಿಯ ಹತ್ತಿರ ಮಲಗಿದ ಹಾಗೆ. ಹಾಗಾಗಿ ಮೈ ಅಲ್ಲಿನ ತೆಳು ಗಾಳಿಗೆ ಹೊಂದಿಕೊಳ್ಳಲು ಜೋಮ್‌ಸೋಮ್ ಅಥವಾ ಕಾಗ್‌ಬೇನಿಯಲ್ಲಿ ಎರಡು ರಾತ್ರಿ ಇರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಆದ್ದರಿಂದ ಮುಕ್ತಿನಾಥಕ್ಕೆ ಮೊದಲು ನಡುವೆ ಝಾರ್‌ಕೋಟ್‌ಗಿಂತ ಕೆಳಗೆ, ಖಿಂಗಾರ್ ಕಡೆ ಎಲ್ಲಾದರೂ ಒಂದು ರಾತ್ರಿ ತಂಗಿ. ತಲೆನೋವಿನ ಜೊತೆ ವಾಂತಿ ಬಂದರೆ 'ಬೆಳಗಾಗಲಿ ನೋಡೋಣ' ಅನ್ನಬೇಡಿ, ಕೆಳಗಿಳಿಯಿರಿ.

ಅಲ್ಲಿ ಗಾಳಿಯ ಹೊತ್ತು ತಿಳಿದಿರಬೇಕು. ಹತ್ತು-ಹನ್ನೊಂದು ಗಂಟೆಯ ಮೇಲೆ ಕಾಳಿ ಗಂಡಕಿ ಕಣಿವೆಯಲ್ಲಿ ದಕ್ಷಿಣದಿಂದ ಗಾಳಿ ಏಳುತ್ತದೆ. ಕಾಗ್‌ಬೇನಿಯಿಂದ ಜೋಮ್‌ಸೋಮ್‌ಗೆ ಬರುವಾಗ ಅದು ಎದುರಿಗೇ ಬರುತ್ತದೆ. ಮೊದಲ ಸಲ ಇದು ಗೊತ್ತಿಲ್ಲದೆ ಮಧ್ಯಾಹ್ನ ಹೊರಟು ಸಪಾಟು ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ನಡೆದೆ, ಬಾಯಿ ತುಂಬ ಮರಳು. ನೀವು ಬೆಳಗ್ಗೆ ಆರಕ್ಕೇ ಹೊರಡಿ. ವಿಮಾನಗಳು ಬೆಳಗ್ಗೆ ಮಾತ್ರ ಹಾರುವುದೂ ಇದೇ ಕಾರಣಕ್ಕೆ. ಅವು ರದ್ದಾಗುವುದೂ ಸಾಮಾನ್ಯ, ಎರಡು ದಿನ ಕೈಯಲ್ಲಿ ಇಟ್ಟುಕೊಳ್ಳಿ.

ಸೈಕಲ್ ಒಯ್ಯಬೇಡಿ. ಹಿಂದೆ-ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ ಕಠ್ಮಂಡು, ಪೋಖರಾದಲ್ಲಿ ಬಾಡಿಗೆಗೆ ಸಿಗುತ್ತದೆ. ನಿಮ್ಮ ಹೆಲ್ಮೆಟ್, ಮೊಣಕಾಲಿನ ಪ್ಯಾಡ್, ಪೆಡಲ್, ಆಗಲೇ ಪಳಗಿದ ಸೀಟು ಇಷ್ಟು ಒಯ್ಯಿರಿ. ಬಾಡಿಗೆ ಸೈಕಲ್ ಕೈಗೆ ಬಂದ ಕೂಡಲೇ ಬ್ರೇಕ್ ಪ್ಯಾಡ್ ಬಿಚ್ಚಿಸಿ ನೋಡಿ, ಇನ್ನೊಂದು ಜೊತೆ ಬ್ಯಾಗಿನಲ್ಲಿರಲಿ. ಮುಕ್ತಿನಾಥದಿಂದ ಲುಬ್ರಾ ಹಳ್ಳಿಯ ಕಡೆಯಿಂದ ಜೋಮ್‌ಸೋಮ್‌ಗೆ ಬಂದರೆ ಒಟ್ಟು ಸಾವಿರ ಮೀಟರ್ ಇಳಿತ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಅದು ಕಾದು ಹಿಡಿಯುವುದೇ ಇಲ್ಲ. ಗಟ್ಟಿಯಾಗಿ ಒತ್ತಿ, ಬಿಡಿ, ಮತ್ತೆ ಒತ್ತಿ. ಇದನ್ನು ಈಗಿನಿಂದಲೇ ನಿಮ್ಮ ತೋಟದ ಜೀಪ್ ದಾರಿಯಲ್ಲಿ ರೂಢಿ ಮಾಡಿಕೊಳ್ಳಿ. ಮಳೆಯಲ್ಲೂ ಮಾಡಿ, ಇಂಬಳ ಹತ್ತಿದರೆ ಹತ್ತಲಿ.

ವಿಮೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡನೇ ಸಲ ಹೋದಾಗ ಲುಬ್ರಾ ಇಳಿಯುವಾಗ ಬಿದ್ದು ನನ್ನ ಎಡಗೈ ಮಣಿಕಟ್ಟು ಮುರಿಯಿತು. ಕೈಗೆ ಶಾಲು ಕಟ್ಟಿಕೊಂಡು ಜೀಪಿನಲ್ಲಿ ಪೋಖರಾಕ್ಕೆ ಬಂದೆ. ಆಸ್ಪತ್ರೆಯ ಬಿಲ್ ಕಳಿಸಿದರೆ ವಿಮೆಯವರು ಕೊಡಲಿಲ್ಲ. ರಸ್ತೆ ಬಿಟ್ಟು ಸೈಕಲ್ ಓಡಿಸುವುದು ಪಾಲಿಸಿಗೆ ಸೇರಿಲ್ಲ ಎಂದು ನಾಲ್ಕನೇ ಪುಟದಲ್ಲಿ ಇತ್ತಂತೆ. ನಾನು ಮೊದಲ ಪುಟ ಮಾತ್ರ ಓದಿದ್ದೆ. ಮೌಂಟನ್ ಬೈಕಿಂಗ್ ಸೇರಿದೆಯಾ, ಎಷ್ಟು ಮೀಟರ್ ಎತ್ತರದವರೆಗೆ, ಹೆಲಿಕಾಪ್ಟರ್ ಖರ್ಚು ಕೊಡುತ್ತಾರಾ, ಈ ಮೂರನ್ನೂ ಬರಹದಲ್ಲಿ ಕೇಳಿ ಪಡೆಯಿರಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಇನ್ನು ಅಮ್ಮ. ಅವರಿಗೆ ಸೈಕಲ್ ವಿಡಿಯೋ ತೋರಿಸಬೇಡಿ. ನೀವು ಹೋಗುತ್ತಿರುವುದು ಮುಕ್ತಿನಾಥಕ್ಕೆ, ಸಾಲಿಗ್ರಾಮ ಸಿಗುವ ಗಂಡಕಿ ನದಿಯ ದಡಕ್ಕೆ ಎಂದು ಹೇಳಿ. ಅದು ನಿಜವೇ ತಾನೆ? ಅಲ್ಲಿ ದೇವಸ್ಥಾನದ ಹಿಂದೆ 108 ನೀರಿನ ಧಾರೆಗಳಿವೆ, ಊರಿನವರೆಗೆ ಜೀಪ್ ಹೋಗುತ್ತದೆ. ಬಿಪಿ, ಉಸಿರಾಟ ಎಲ್ಲ ಸರಿಯಿದೆ ಎಂದು ಡಾಕ್ಟರ್ ಹೇಳಿದರೆ ಅವರನ್ನೂ ಕರೆದುಕೊಂಡು ಹೋಗಿ. ಮೇಲಕ್ಕೆ ಜೀಪಿನಲ್ಲಿ ಮೂವರೂ ಹೋಗಿ, ದರ್ಶನ ಮುಗಿಸಿ. ಅವರು ಅದೇ ಜೀಪಿನಲ್ಲಿ ಇಳಿಯಲಿ, ನೀವಿಬ್ಬರು ಸೈಕಲ್‌ನಲ್ಲಿ. ಜೋಮ್‌ಸೋಮ್‌ನಲ್ಲಿ ಅವರೇ ಮೊದಲು ತಲುಪಿ ನಿಮಗೆ ಕಾಯುತ್ತಿರುತ್ತಾರೆ.