ಜೆ-ವಾಲ್ವ್ ಕಡ್ಡಿ ಕೆಳಗಿದೆ, ಮೊದಲು ಅದನ್ನು ನೋಡಿ

ಸ್ಕೂಬಾ ಡೈವಿಂಗ್‌ಗೆಂದು ಹಳೆಯ ಡಬಲ್-ಹೋಸ್ (ಎರಡು ಕೊಳವೆಯ) ಮಿಸ್ಟ್ರಾಲ್ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ಉಸಿರಿಗೆ ತಕ್ಕಂತೆ ಕೊಡುವ ಸಾಧನ, ಮತ್ತು ಜೆ-ವಾಲ್ವ್ (ಮೀಸಲು ಗಾಳಿಯ ಕವಾಟ) ಇರುವ ಸಿಲಿಂಡರ್ ಕೊಂಡಿದ್ದೇನೆ, ಮುಂದಿನ ತಿಂಗಳು ನೇತ್ರಾಣಿಯಲ್ಲಿ ಉಳಿದ ಗಾಳಿಯ ಒತ್ತಡ ತೋರಿಸುವ ಗೇಜ್ ಇಲ್ಲದೆ ಹಳೆಯ ಕಾಲದವರಂತೆಯೇ ಇಳಿಯುತ್ತೇನೆ ಎಂದು ನೀವು ಬರೆದು ಹಾಕಿರುವ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ರಿಸರ್ವ್ ಕಡ್ಡಿ, ಅಂದರೆ ಮೀಸಲು ಗಾಳಿಯನ್ನು ಬಿಡುವ ಕಡ್ಡಿ, ಕೆಳಗಿದೆ. ಇಷ್ಟೊಂದು ಜನ ಮೆಚ್ಚುಗೆ ಸೂಚಿಸಿದ್ದೀರಿ, ಒಬ್ಬರ ಕಣ್ಣಿಗೂ ಅದು ಬೀಳಲಿಲ್ಲವೇ?

ಫ್ರಾನ್ಸಿನ ಸನಾರಿಯಲ್ಲಿ ನಾನು ಮಾಡಿದ್ದೂ ಇದೇ ತಪ್ಪು. ಗಾಳಿ ತುಂಬಿಸುವಾಗ ಕಡ್ಡಿ ಕೆಳಗಿರಬೇಕು, ನೀರಿಗಿಳಿಯುವ ಮುನ್ನ ಮೇಲೆತ್ತಬೇಕು; ನಾನು ಎತ್ತಲಿಲ್ಲ. ಸಿಲಿಂಡರಿನ ಒತ್ತಡ ಸುಮಾರು 20 ಬಾರ್‌ಗೆ ಇಳಿದಾಗ ಸ್ಪ್ರಿಂಗ್ ಗಾಳಿಯನ್ನು ತಡೆದು ಎಚ್ಚರಿಸಬೇಕಿತ್ತು, ಆಗ ಕಡ್ಡಿಯನ್ನು ಕೆಳಗೆಳೆದರೆ ಮೀಸಲು ಗಾಳಿ ಸಿಗಬೇಕಿತ್ತು, ಆದರೆ ದಾರಿ ಮೊದಲೇ ತೆರೆದಿದ್ದರಿಂದ ಆ ಮೀಸಲು ಗಾಳಿಯನ್ನೂ ನನಗೆ ಗೊತ್ತಿಲ್ಲದೆಯೇ ಉಸಿರಾಡಿ ಮುಗಿಸಿದ್ದೆ. 14 ಮೀಟರ್ ಆಳದಲ್ಲಿ ಉಸಿರು ಬಿಗಿಯಾದಾಗ ಬೆನ್ನ ಹಿಂದೆ ಕೈ ಹಾಕಿ ಎಳೆದೆ, ಮತ್ತೆ ಎಳೆದೆ. ಆಗಲೇ ಕೆಳಗಿರುವ ಕಡ್ಡಿ ಇನ್ನೆಲ್ಲಿಗೆ ಬರಬೇಕು? ಜೊತೆಗಾರರ ಆಕ್ಟೋಪಸ್ (ಉಸಿರಾಡುವ ಹೆಚ್ಚುವರಿ ಬಾಯಿತುಂಡು) ಕೈಗೆ ಸಿಗದಿದ್ದರೆ ಈ ಉತ್ತರ ಬರೆಯಲು ನಾನಿರುತ್ತಿರಲಿಲ್ಲ. ಸರಿಯಾಗಿ ಮೇಲೆತ್ತಿದ ಕಡ್ಡಿಯೂ ಬಂಡೆಗೋ ಮೀನಿನ ಬಲೆಗೋ ಸಿಕ್ಕಿ ಕೆಳಗೆ ಜಾರಬಹುದು ಎಂಬುದನ್ನೂ ಮರೆಯಬೇಡಿ.

ಆದ್ದರಿಂದ ವಾಲ್ವ್ ಮತ್ತು ರೆಗ್ಯುಲೇಟರ್ ನಡುವೆ ಬ್ಯಾಂಜೊ ಫಿಟ್ಟಿಂಗ್ ಎಂಬ ಜೋಡಣೆಯ ತುಂಡನ್ನು ಕೂರಿಸಿ ಗೇಜ್ ಜೋಡಿಸಿಕೊಳ್ಳಿ. ಹಳೆಯ ನೋಟ ಕೆಡುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. 1943ರ ಅಕ್ಟೋಬರಿನಲ್ಲಿ 62 ಮೀಟರ್ ಇಳಿದ ಫ್ರೆಂಚ್ ಡೈವರ್ ಫ್ರೆಡೆರಿಕ್ ದ್ಯುಮಾ, ಆಗ ಹೊಸದಾಗಿದ್ದ ಉಸಿರಾಟದ ಯಂತ್ರದ ಮಿತಿಯನ್ನು ಅಳೆಯಲು ಹೋಗಿದ್ದರು. ನಾವು ಹೋಗುವುದು ಮೀನು ನೋಡಲು.

ಉಸಿರು ಬಿಡುವ ಕೊಳವೆಯನ್ನು ತೆಗೆದು ಡಕ್‌ಬಿಲ್ಲನ್ನು (ಬಿಟ್ಟ ಗಾಳಿ ಹೊರಹೋಗುವ ರಬ್ಬರ್ ಕವಾಟವನ್ನು) ಬಾಯಿಯ ಬಳಿಗೆ ತರುತ್ತೇನೆ ಎಂದಿದ್ದೀರಿ, ದಯವಿಟ್ಟು ಅದನ್ನು ಬಿಟ್ಟುಬಿಡಿ. 1943ರ ಜನವರಿಯಲ್ಲಿ ದ್ಯುಮಾ ಅವರ ಜೊತೆಗಾರ ಜಾಕ್ ಕುಸ್ತೊ ಫ್ರಾನ್ಸಿನ ಮಾರ್ನ್ ನದಿಯಲ್ಲಿ ಈ ಬಗೆಯ ಮೊದಲ ಯಂತ್ರವನ್ನು ಪರೀಕ್ಷಿಸಿದಾಗ, ನೆಟ್ಟಗೆ ನಿಂತರೆ ಗಾಳಿ ಬುಸುಗುಟ್ಟಿ ಹೋಗುತ್ತಿತ್ತು, ತಲೆಕೆಳಗಾದರೆ ಉಸಿರೆಳೆಯುವುದೇ ಕಷ್ಟವಾಗುತ್ತಿತ್ತು. ಗಾಳಿ ಒಳಬರುವ ಮತ್ತು ಹೊರಹೋಗುವ ಜಾಗಗಳ ನಡುವಿನ ಎತ್ತರದ ವ್ಯತ್ಯಾಸವೇ ಅದಕ್ಕೆ ಕಾರಣವೆಂದು ಕಂಡುಕೊಂಡು, ಅವರೂ ಎಂಜಿನಿಯರ್ ಎಮಿಲ್ ಗಾನ್ಯಾನ್ ಅವರೂ ಎರಡನ್ನೂ ಒಂದೇ ಮಟ್ಟಕ್ಕೆ ತಂದರು. ಅವರು ಬಿಡಿಸಿದ ಗಂಟನ್ನು ನೀವು ಮತ್ತೆ ಹಾಕಲು ಹೊರಟಿದ್ದೀರಿ. ಇದೇ ಕಾರಣಕ್ಕೆ ರೆಗ್ಯುಲೇಟರ್ ಡಬ್ಬಿ ಎರಡು ಹೆಗಲೆಲುಬುಗಳ ನಡುವೆ, ಬೆನ್ನಿಗೆ ಒತ್ತಿಕೊಂಡಿರಬೇಕು; ಕತ್ತಿನ ಹಿಂದಕ್ಕೆ ಏರಿದರೆ ಪ್ರತಿ ಉಸಿರಿಗೂ ಹೆಚ್ಚು ಶ್ರಮವಾಗುತ್ತದೆ. ಹಳೆಯ ರಬ್ಬರ್ ಡಕ್‌ಬಿಲ್ ಬಿರಿದಿದ್ದರೆ ಸಿಲಿಕೋನ್‌ನದನ್ನು ಹಾಕಿ.

ಮಿಸ್ಟ್ರಾಲ್ ಬಗ್ಗೆ ನನ್ನ ತಕರಾರಿಲ್ಲ, ಬಿಡಿಭಾಗಗಳು ಕಡಿಮೆ. ಆದರೂ ಗಾಳಿಯ ಒತ್ತಡವನ್ನು ಒಂದೇ ಹಂತದಲ್ಲಿ ಇಳಿಸುವುದರಿಂದ ಸಿಲಿಂಡರಿನ ಒತ್ತಡ ಬದಲಾದಂತೆ ಉಸಿರಿನ ಹದವೂ ಬದಲಾಗುತ್ತದೆ. ಆ ದೃಷ್ಟಿಯಿಂದ ನನಗೆ ಎರಡು ಹಂತದ ರಾಯಲ್ ಆಕ್ವಾಮಾಸ್ಟರ್ ರೆಗ್ಯುಲೇಟರ್ ಹೆಚ್ಚು ಹಿಡಿಸುತ್ತದೆ. ಬಾಯಿತುಂಡಿಗೆ ನೀರು ತುಂಬಿದರೆ ಎಡಕ್ಕೆ ಹೊರಳಿ ಊದಬೇಕು, ಇದನ್ನು ಈಜುಕೊಳದಲ್ಲೇ ರೂಢಿಸಿಕೊಳ್ಳಿ. ಹೈಡ್ರೋ ಪರೀಕ್ಷೆ (ನೀರಿನ ಒತ್ತಡದಿಂದ ಮಾಡುವ ಗಟ್ಟಿತನದ ಪರೀಕ್ಷೆ) ಆಗದ ಸಿಲಿಂಡರಿಗೆ ಗಾಳಿ ತುಂಬಿಸಲೇಬೇಡಿ.

ಡಕ್‌ಬಿಲ್ ಬೆನ್ನ ಹಿಂದೆಯೇ ಇರಲಿ ಎನ್ನಲು ಇನ್ನೊಂದು ಕಾರಣವೂ ಇದೆ. ಗುಳ್ಳೆಗಳೆಲ್ಲ ತಲೆಯ ಹಿಂದೆ ಹೋಗುವುದರಿಂದ ಮುಖದ ಮುಂದಿನ ನೀರು ಕದಡುವುದಿಲ್ಲ, ಸದ್ದೂ ಕಡಿಮೆ. ಸನಾರಿಯಲ್ಲಿ ಒಮ್ಮೆ ದೊಡ್ಡದೊಂದು ಗ್ರೂಪರ್ ಮಾಸ್ಕಿನಿಂದ ಒಂದು ಗೇಣು ದೂರಕ್ಕೆ ಬಂದು ನನ್ನನ್ನೇ ನೋಡುತ್ತಾ ನಿಂತಿತ್ತು. ಹೊಸ ಸಿಂಗಲ್-ಹೋಸಿನಲ್ಲಿ ಇನ್ನೂರಕ್ಕೂ ಹೆಚ್ಚು ಬಾರಿ ಇಳಿದರೂ ಅಷ್ಟು ಹತ್ತಿರಕ್ಕೆ ಯಾವ ಮೀನೂ ಬಂದಿರಲಿಲ್ಲ. ಕಡ್ಡಿಯನ್ನು ಮೇಲೆತ್ತಿ, ಗೇಜ್ ಜೋಡಿಸಿ ಇನ್ನೊಂದು ಚಿತ್ರ ಹಾಕಿ, ನೋಡಿ ಹೇಳುತ್ತೇನೆ.